ಸಾಲಿನ ಮೂರನೇ ದೋಣಿ

ಒಮಾನಿನಿಂದ ಬಂದ ಮೇಲೆ ಹಂಗಾರಕಟ್ಟೆಯಲ್ಲಿ ಸಿಕ್ಕವರೆಲ್ಲ ಕೇಳುವುದು ಒಂದೇ ಮಾತು: "ಅಲ್ಲಿ ಎಂತ ಕಂಡ್ರಿ ಆಚಾರ್ರೇ?" ದೊಡ್ಡ ಮಸೀದಿ ಕಂಡೆ, ಕೋಟೆ ಕಂಡೆ, ಒಂದು ಹುಲ್ಲುಕಡ್ಡಿಯೂ ಇಲ್ಲದ ಬೆಟ್ಟ ಕಂಡೆ. ಅದನ್ನೆಲ್ಲ ನನಗಿಂತ ಚೆನ್ನಾಗಿ ನಿಮ್ಮ ಮೊಬೈಲೇ ತೋರಿಸುತ್ತದೆ. ನಾನು ಸರಿಯಾಗಿ ಕಂಡದ್ದು ಒಂದು ಊರನ್ನು. ಆ ಊರು ಒಮಾನಿನಲ್ಲಿ ಇಲ್ಲ. ಪಾಕಿಸ್ತಾನದ ನೌಶೇರಾ ಕಡೆ, ಕಾಬೂಲ್ ನದಿಯ ದಂಡೆಯಲ್ಲಿದೆ. ಪಠಾಣರ ಊರು. ನಾನು ಅಲ್ಲಿ ಕಾಲಿಟ್ಟವನಲ್ಲ, ನನ್ನ ಪಾಸ್‌ಪೋರ್ಟು ಹಿಡಿದುಕೊಂಡು ಇಡುವುದಕ್ಕೂ ಆಗದು. ಆದರೆ ಆ ಊರಿನ ದೋಣಿ ಎಷ್ಟು ಮೊಳ ಉದ್ದ, ಎಷ್ಟು ಮೊಳ ಅಗಲ ಎಂದು ಕೇಳಿ, ನಿದ್ದೆಯಲ್ಲೂ ಹೇಳುತ್ತೇನೆ.

ನಾನು ಐದನೇ ಕ್ಲಾಸಿಗೆ ಶಾಲೆ ಬಿಟ್ಟವನು. ಬಿಟ್ಟ ಮರುದಿನವೇ ಬಾಚಿ ಹಿಡಿದೆ. ನಲವತ್ತೈದು ವರ್ಷ ದೋಣಿ ಕಟ್ಟಿದ್ದೇನೆ. ಹಲಗೆ ಬಿಟ್ಟುಕೊಂಡಿತು ಎಂದು ನನ್ನ ಒಂದು ದೋಣಿಯೂ ವಾಪಸು ಬಂದದ್ದಿಲ್ಲ. ಇದನ್ನು ಜಂಬ ಎನ್ನುವವರು ಎನ್ನಲಿ. ಈ ಬರವಣಿಗೆಯಲ್ಲಿ ತಪ್ಪು ಬಹಳ ಇರಬಹುದು, ನನ್ನ ಅಳತೆಯಲ್ಲಿ ಇರುವುದಿಲ್ಲ. ಒಂದೇ ಒಂದು ಸಲ ತಪ್ಪಿತು. ಅದನ್ನು ಬರೆಯುವುದಕ್ಕೇ ಕೂತಿದ್ದೇನೆ.

ದಾರ್ಸೈಟ್, ಮೂರನೇ ಮಹಡಿ

ಮಗಳು ಶೋಭಾ, ಅಳಿಯ ಗಣೇಶ, ಮೊಮ್ಮಗಳು ಇರುವುದು ಮಸ್ಕತ್ತಿನ ದಾರ್ಸೈಟಿನಲ್ಲಿ. ಅಳಿಯನಿಗೆ ಆಫೀಸು ಕೆಲಸ. ಎರಡು ತಿಂಗಳು ಬಂದು ಆರಾಮ ಮಾಡಿ ಎಂದು ಟಿಕೆಟ್ ಕಳಿಸಿದ್ದರು. ಆರಾಮ ಮಾಡುವುದು ಹೇಗೆಂದು ನನಗೆ ಯಾರೂ ಕಲಿಸಿರಲಿಲ್ಲ.

ಮೊದಲ ನಾಲ್ಕು ದಿನದಲ್ಲಿ ಆ ಮನೆಯ ಬಾಗಿಲುಗಳು ಕಿರುಗುಟ್ಟುವುದನ್ನು ನಿಲ್ಲಿಸಿದೆ, ಅಡುಗೆಮನೆಯ ಡ್ರಾಯರುಗಳನ್ನು ಕಳಚಿ ಸರಿಯಾಗಿ ಕೂರಿಸಿದೆ. ಐದನೇ ದಿನ ಎದುರುಮನೆಯ ಮೈಸೂರಿನವರ ಮಂಚದ ಕಾಲು ರಿಪೇರಿ ಮಾಡಿದೆ. ಆರನೇ ದಿನಕ್ಕೆ ಕೆಲಸವೇ ಉಳಿಯಲಿಲ್ಲ. ಕಿಟಕಿಯಾಚೆ ಬೋಳು ಬೆಟ್ಟ, ಒಳಗೆ ಏಸಿಯ ಗುಂಯ್ ಶಬ್ದ. ಸೋಫಾದಲ್ಲಿ ಕೂತರೆ ನನ್ನ ಬಲಗಾಲು ತನ್ನಷ್ಟಕ್ಕೇ ಕುಣಿಯಲು ಶುರು.

"ಅಪ್ಪಯ್ಯ, ಒಂದ್ ಗಳಿಗೆ ಸುಮ್ನೆ ಕೂಕಣಿ ಕಾಂಬ. ಸೋಫಾ ಎಲ್ಲ ನಡುಗ್ತಿತ್ತ್."

"ನಾನ್ ಕೂಕಂಡೇ ಇದ್ದೆ ಮಗಾ. ಕಾಲ್ ಕೂಕಂತಿಲ್ಲೆ."

ಅದರ ಮೇಲೆ ಶೂ ಬೇರೆ. "ಚಪ್ಲಿ ಹಾಯ್ಕಂಡ್ ಮಾಲಿಗ್ ಬಪ್ಪುದ್ ಬೇಡ ಅಪ್ಪಯ್ಯ" ಎಂದು ಮಗಳು ಬಿಳಿ ಶೂ ಒಂದು ಜೊತೆ ತಂದಿದ್ದಳು. ಜೀವಮಾನದಲ್ಲಿ ಶೂ ಹಾಕಿದವನಲ್ಲ. ಹಡಗಿನ ಹಗ್ಗಕ್ಕೆ ಹತ್ತು ಥರ ಗಂಟು ಹಾಕಬಲ್ಲ ನನಗೆ ಆ ಲೇಸಿನ ಗಂಟು ಒಂದು ನಿಲ್ಲದು. ಓಡುವ ಮೆಟ್ಟಿಲಿನ ಮೇಲೆ ಲೇಸು ಸಿಕ್ಕಿಕೊಂಡು, ನಾನು ಮೇಲಿನವರೆಗೆ ಒಂದೇ ಕಾಲಲ್ಲಿ ಕೊಕ್ಕರೆಯ ಹಾಗೆ ನಿಂತು ಹೋದದ್ದನ್ನು ಮೊಮ್ಮಗಳು ಶಾಲೆಯಲ್ಲೆಲ್ಲ ಹೇಳಿದ್ದಾಳೆ. ಬೆಳಿಗ್ಗೆ ನಾನು ಬಾಗಿಲು ತೆರೆದರೆ ಸಾಕು, ಒಳಗಿಂದ ಅವಳ ಕೂಗು: "ಅಜ್ಜಾ, ಯುವರ್ ಲೇಸ್!"

ಹಾಗೆ ಲೇಸು ಎಳೆದುಕೊಂಡೇ ಬೆಳಿಗ್ಗೆ ಬೆಳಿಗ್ಗೆ ನಡೆಯತೊಡಗಿದೆ. ದಾರ್ಸೈಟಿನಿಂದ ರೂವಿ, ರೂವಿಯಿಂದ ಹಮ್ರಿಯಾ. ಆ ಊರಿನಲ್ಲಿ ಕೆಲಸವಿಲ್ಲದೆ ನಡೆಯುವವನು ನಾನೊಬ್ಬನೇ. ಕಾರುಗಳು ನಿಧಾನ ಮಾಡಿ ನನ್ನನ್ನು ನೋಡಿ ಮುಂದೆ ಹೋಗುತ್ತಿದ್ದವು.

ಹಮ್ರಿಯಾ, ರೊಟ್ಟಿಯ ಕಿಟಕಿ

ಹಮ್ರಿಯಾದ ಒಂದು ಗಲ್ಲಿಯಲ್ಲಿ ಪಠಾಣರ ರೊಟ್ಟಿ ಅಂಗಡಿ ಇದೆ. ಅಂಗಡಿ ಎಂದರೆ ಗೋಡೆಯಲ್ಲಿ ಒಂದು ಕಿಟಕಿ, ಅದರ ಹಿಂದೆ ನೆಲದಲ್ಲಿ ಹೂತ ಒಲೆ. ಬೆರಳು ಎತ್ತಿ ಎಷ್ಟು ರೊಟ್ಟಿ ಎಂದು ತೋರಿಸಬೇಕು. ಒಳಗಿನವನು ಅಷ್ಟನ್ನು ಕಾಗದದ ಮೇಲೆ ಎಸೆಯುತ್ತಾನೆ. ಮೊರದಷ್ಟಗಲದ ರೊಟ್ಟಿ.

ಚಿಕ್ಕವರಿದ್ದಾಗ ಊಟ ಮಾಡದಿದ್ದರೆ ನಮ್ಮ ಅಬ್ಬೆ "ಪಠಾಣ ಬತ್ತ ಕಾಣ್" ಎಂದು ಹೆದರಿಸುತ್ತಿದ್ದಳು. ಇಲ್ಲಿ ಆ ಪಠಾಣರೇ ಊಟ ಕೊಡುತ್ತಿದ್ದಾರಲ್ಲ ಎಂದು ನಗುತ್ತ ಎರಡು ರೊಟ್ಟಿ ಹಿಡಿದು ತಿರುಗಿದೆ. ಲೇಸು ಕಾಲಿಗೆ ಸಿಕ್ಕಿತು. ನಾನು ಅಲ್ಲಿದ್ದ ಮರದ ಬೆಂಚಿನ ಮೇಲೆ, ರೊಟ್ಟಿ ಧೂಳಿನಲ್ಲಿ.

ಬೆಂಚಿನಲ್ಲಿ ಚಹಾ ಕುಡಿಯುತ್ತಿದ್ದ ಒಬ್ಬರು ಎದ್ದರು. ಆರಡಿ ಆಳು, ಬಿಳಿ ಗಡ್ಡ, ಮೊಣಕಾಲಿನ ತನಕ ಅಂಗಿ. ನನ್ನನ್ನು ಎತ್ತುವ ಮೊದಲು ರೊಟ್ಟಿಯನ್ನು ಎತ್ತಿದರು. ಅದಕ್ಕೆ ಮುತ್ತಿಟ್ಟು ಹಣೆಗೆ ಒತ್ತಿ, ಯಾರ ಕಾಲೂ ತಾಗದ ಹಾಗೆ ಗೋಡೆಯ ಮೇಲಿಟ್ಟರು. ಆಮೇಲೆ ನನ್ನ ಕಡೆ ಕೈ ಚಾಚಿದರು. ನನಗೆ ಸಿಟ್ಟು ಬರಲಿಲ್ಲ. ಅನ್ನ ಬಿದ್ದರೆ ನಾವೂ ಕಣ್ಣಿಗೊತ್ತಿಕೊಳ್ಳುವವರೇ.

ನನ್ನ ಕೈ ಹಿಡಿದವರು ಬಿಡಲಿಲ್ಲ. ಅಂಗೈ ತಿರುಗಿಸಿ ಹೆಬ್ಬೆರಳ ಬುಡದ ದಡ್ಡು ನೋಡಿದರು.

"ಮಿಸ್ತರಿಯಾ?"

"ಹೌದು. ನಿಮ್ಮ ಈ ಬೆಂಚು ಕಟ್ಟಿದವನು ಮಿಸ್ತರಿ ಅಲ್ಲ. ಕಾಲು ಅಲ್ಲಾಡ್ತದೆ."

ಒಳಗಿನಿಂದ ರೊಟ್ಟಿ ಸುಡುವ ಇಸ್ಮಾಯಿಲ್ ಕೂಗಿದ: "ಲಾಲಾ, ಬಿದ್ದವನೇ ಬೆಂಚಿಗೆ ಬೈತಿದ್ದಾನೆ ನೋಡು!"

"ಎಂಥ ಮಿಸ್ತರಿ? ಮನೆಯದಾ, ಕುರ್ಚಿಯದಾ?"

"ದೋಣಿಯದು."

ಅವರು ಚಹಾದ ಲೋಟ ಕೆಳಗಿಟ್ಟರು. ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದರು. "ದೋಸ್ತ್, ನೀನು ಮೂವತ್ತು ವರ್ಷದ ಹಿಂದೆ ಬಿದ್ದಿದ್ದರೆ ಏನಾಗ್ತಿತ್ತು? ನಾನು ಊರಿಗೆ ಹೋಗೋದಕ್ಕೆ ಇನ್ನು ಇಪ್ಪತ್ತು ದಿನ ಇದೆ. ಈಗ ಬೀಳ್ತೀಯಾ!"

ಅವರ ಹೆಸರು ಗುಲ್ ಜಮಾನ್. ಎಲ್ಲರೂ ಕರೆಯುವುದು ಲಾಲಾ ಎಂದು, ಅವರ ಮಾತಿನಲ್ಲಿ ಅಣ್ಣ ಎಂದರ್ಥ. ಸಿಹಿನೀರಿನ ಟ್ಯಾಂಕರ್ ಓಡಿಸುತ್ತ ಮೂವತ್ತು ವರ್ಷ ಅಲ್ಲೇ ಇದ್ದವರು. ನಮ್ಮ ಮಾತೆಲ್ಲ ಹಿಂದಿಯಲ್ಲಿ. ಅವರದು ಪೇಶಾವರದ ಕಡೆಯದು, ನನ್ನದು ಬೊಂಬಾಯಿಯಲ್ಲಿ ಎರಡು ವರ್ಷ ಕಲಿತದ್ದು. ಎರಡೂ ಕುಂಟುತ್ತಿದ್ದವು, ಆದರೆ ಒಂದನ್ನೊಂದು ಕೈ ಹಿಡಿದುಕೊಂಡು ಕುಂಟುತ್ತಿದ್ದವು.

ಟ್ಯಾಂಕರ್ ಅಂಗಳ

ರೂವಿಯ ಹೊರಗೆ, ಬೆಟ್ಟದ ಬುಡದಲ್ಲಿ, ಅವರ ಕಫೀಲ್‌ಗೆ ಟ್ಯಾಂಕರ್ ನಿಲ್ಲಿಸುವ ಒಂದು ಅಂಗಳವಿದೆ. ಕಫೀಲ್ ಎಂದರೆ ಕೆಲಸಕ್ಕೆ ಇಟ್ಟುಕೊಂಡ ಒಮಾನಿ ಯಜಮಾನ. ಮುದುಕರು, ಒಳ್ಳೆಯವರು. ನನಗೆ ಪುಟ್ಟ ಬಟ್ಟಲಿನಲ್ಲಿ ಕಹಿ ಕಾಫಿ ಕೊಟ್ಟರು. ಬಟ್ಟಲು ಖಾಲಿಯಾದ ಹಾಗೆ ತುಂಬುತ್ತಲೇ ಹೋದರು. ಮರ್ಯಾದೆಗೆ ಕುಡಿದೆ, ಏಳು ಬಟ್ಟಲು. ಸಾಕು ಎನ್ನಲು ಬಟ್ಟಲನ್ನು ಸ್ವಲ್ಪ ಅಲ್ಲಾಡಿಸಬೇಕಂತೆ. ಅದನ್ನು ಲಾಲಾ ಏಳನೆಯದರ ನಂತರ ಹೇಳಿದರು.

ಅಂಗಳದ ಮೂಲೆಯಲ್ಲಿ ಪೈನ್ ಹಲಗೆಯ ರಾಶಿ ಇತ್ತು. ದೊಡ್ಡ ಯಂತ್ರಗಳು ಹಡಗಿನಲ್ಲಿ ಬರುವ ಪೆಟ್ಟಿಗೆಗಳದ್ದು. ಲಾಲಾ ಎರಡು ವರ್ಷದಿಂದ ಒಂದೊಂದೇ ಒಟ್ಟು ಮಾಡಿದ್ದರು. ಮೊದಲು ನನಗೆ ನಗು ಬಂತು. ಸಾಗುವಾನಿ, ಹಲಸು ಬಿಟ್ಟು ಬೇರೆ ಮುಟ್ಟಿದವನಲ್ಲ ನಾನು.

ಅವರು ಅಂಗಿಯೊಳಗಿನಿಂದ ಒಂದು ಹಗ್ಗ ತೆಗೆದರು. ಹುಲ್ಲಿನ ಹಗ್ಗ, ಕೈ ತಾಗಿ ತಾಗಿ ಕಪ್ಪಾಗಿತ್ತು. ತುಂಬ ಗಂಟುಗಳು. ಮೊದಲು ಹದಿನಾಲ್ಕು, ಆಮೇಲೆ ಜೋಡಿ ಗಂಟು, ಮತ್ತೆ ಐದು, ಮತ್ತೆ ಜೋಡಿ, ಕೊನೆಗೆ ಎರಡು. ನಾನು ಕೈಯಲ್ಲಿ ಎಳೆದೆಳೆದು ನೋಡಿದೆ. ಗಂಟಿನಿಂದ ಗಂಟಿಗೆ ಒಂದು ಮೊಳ. ಯಾರೂ ವಿವರಿಸಬೇಕಾಗಲಿಲ್ಲ.

"ಉದ್ದ ಹದಿನಾಲ್ಕು, ಅಗಲ ಐದು, ಆಳ ಎರಡು" ಎಂದೆ.

ಲಾಲಾ ನನ್ನ ಬೆನ್ನಿಗೆ ಹೊಡೆದರು. ಈಗಲೂ ಅಲ್ಲಿ ನೋವಿದೆ.

ಆ ಮೇಲಿನ ದಿನಗಳಲ್ಲಿ ಕೆಲಸ ಮಾಡುತ್ತ ಅವರು ಹೇಳಿದ ಊರು ಇದು. ಚಳಿಗಾಲದಲ್ಲಿ ನದಿ ಇಳಿದಾಗ ದೋಣಿಗಳನ್ನು ಈ ದಡದಿಂದ ಆ ದಡದವರೆಗೆ ಪಕ್ಕ ಪಕ್ಕ ಕಟ್ಟುತ್ತಿದ್ದರು. ಮೇಲೆ ಹಲಗೆ, ಹಲಗೆಯ ಮೇಲೆ ಹುಲ್ಲು ಮಣ್ಣು. ಅದೇ ಸೇತುವೆ. ಅದರ ಮೇಲೆ ಕಾಬೂಲಿನ ಒಣಹಣ್ಣು ಹೊತ್ತ ಒಂಟೆಗಳು ಹೋಗುತ್ತಿದ್ದವು, ಮದುವಣಗಿತ್ತಿಯ ಪಲ್ಲಕ್ಕಿ ಹೋಗುತ್ತಿತ್ತು, ಹೆಣವೂ ಹೋಗುತ್ತಿತ್ತು. ಬೇಸಿಗೆಯಲ್ಲಿ ಮೇಲೆ ಹಿಮ ಕರಗಿ ನದಿ ಉಕ್ಕುವ ಮೊದಲು ಬಿಚ್ಚುತ್ತಿದ್ದರು. ಒಂದೊಂದು ದೋಣಿಗೆ ಒಂದೊಂದು ಮನೆತನ. ಲಾಲಾನ ಅಜ್ಜನದು ಊರ ಕಡೆಯಿಂದ ಮೂರನೆಯದು. ಅವರ ಮನೆಯನ್ನು ಕರೆಯುತ್ತಿದ್ದದ್ದೇ 'ಮೂರನೆಯವರು' ಎಂದು.

"ದೊಡ್ಡ ಖಾನರೆಲ್ಲ ನಮ್ಮ ಬೆನ್ನ ಮೇಲೆ ನಡೆದು ಹೋಗ್ತಿದ್ದರು. ಆದರೆ ನಮಗೆ ಹೆಣ್ಣು ಕೊಡ್ತಿರಲಿಲ್ಲ. ದೋಣಿಯವರು ಪಠಾಣರೇ ಅಲ್ಲ ಅಂತಿದ್ದರು."

"ನಮ್ಮಲ್ಲೂ ಹಾಗೇ ಲಾಲಾ. ದೋಣಿ ನೀರಿಗಿಳಿಸುವ ಪೂಜೆಗೆ ನಾವು ಬೇಕು. ಊಟಕ್ಕೆ ಬೇರೆ ಪಂಕ್ತಿ."

ಊರಿನಲ್ಲಿ ಬಟ್ಟೆ ವ್ಯಾಪಾರದ ಹಿಂದೂಗಳ ಒಂದು ಓಣಿ ಇತ್ತಂತೆ. ದೇಶ ಎರಡಾದಾಗ ಅವರು ಹೋದದ್ದೂ ಅದೇ ದೋಣಿಗಳಲ್ಲಿ. ಬಾಗಿಲಿಗೆ ಹಾಕಿದ ಬೀಗ ತುಕ್ಕು ಹಿಡಿದು ತಾನಾಗಿ ಬಿದ್ದಿತಂತೆ. ಮುಂದೆ ಕಾಂಕ್ರೀಟು ಸೇತುವೆ ಬಂತು. ದೋಣಿಗಳು ಕೆಲವು ಸೌದೆಯಾದವು, ಕೆಲವು ಮನೆಯ ಮಾಡಾದವು. ಉಳಿದದ್ದನ್ನು ಮೊನ್ನೆ ಮೊನ್ನೆಯ ದೊಡ್ಡ ನೆರೆ ಕೊಂಡುಹೋಯಿತು, ಲಾಲಾನ ಮನೆಯ ಸಮೇತ. ಹಗ್ಗ ಮಾತ್ರ ಉಳಿಯಿತು. ಏಕೆಂದರೆ ಅದು ಹಮ್ರಿಯಾದಲ್ಲಿ, ಅವರ ತಗಡಿನ ಪೆಟ್ಟಿಗೆಯಲ್ಲಿತ್ತು. ಗಲ್ಫಿಗೆ ಹೊರಟ ದಿನ ಚಿಕ್ಕಪ್ಪ ಕೊಟ್ಟದ್ದು.

ಆ ಚಿಕ್ಕಪ್ಪ, ಅವರು ಚಾಚಾ ಎನ್ನುವವರು, ತೊಂಬತ್ತರ ಹತ್ತಿರ. ಸೇತುವೆ ಕಟ್ಟಿದವರಲ್ಲಿ ಬದುಕಿರುವವರು ಅವರೊಬ್ಬರೇ. ಮೂರು ತಿಂಗಳಿಂದ ಮಂಚ ಹಿಡಿದಿದ್ದಾರೆ. ಒಂದು ಕಣ್ಣು ಹೋಗಿದೆ, ಒಂದು ಇದೆ.

"ಊರಲ್ಲೇ ಯಾಕೆ ಕಟ್ಟಿಸಬಾರದು?" ಎಂದು ಕೇಳಿದೆ.

"ಯಾರ ಕೈಲಿ? ಅಲ್ಲಿ ದೋಣಿ ಬಡಗಿ ಒಬ್ಬನೂ ಇಲ್ಲ. ಮೂವತ್ತು ವರ್ಷ ಬೇರೆಯವರ ಮನೆಗೆ ನೀರು ಹೊತ್ತೆ ಮಿಸ್ತರಿ. ಕಂಬಳಿ, ಮಿಕ್ಸರು ಹಿಡ್ಕೊಂಡು ಹೋಗ್ಲಾ? ಇಲ್ಲಿ ಕಟ್ಟಿ, ಬಿಚ್ಚಿ, ಕಾರ್ಗೋ ಹಾಕ್ತೇನೆ. ಕಾರ್ಗೋ ಸೇರೋ ತನಕ ಚಾಚಾ ಕಾಯ್ತಾನೋ ಇಲ್ವೋ. ಹೋಗೋ ಮೊದಲು ಮೊಬೈಲಿನಲ್ಲಾದರೂ ನೀರಿನ ಮೇಲೆ ತೋರಿಸ್ಬೇಕು. ಸರಿ ಇದ್ಯಾ ಅಂತ ಹೇಳೋ ಕಣ್ಣು ಅದೊಂದೇ ಇರೋದು."

ಪೂರ್ತಿ ಅಳತೆಗೆ ಮರ ಸಾಲದು. ಮೊಳಕ್ಕೊಂದು ಗೇಣು ಎಂದು ಅರ್ಧ ಮಾಡಿದೆವು. ದಿನವೂ ಬೆಳಿಗ್ಗೆ ಆರಕ್ಕೆ ನಾನು ಅಂಗಳದಲ್ಲಿ. ಕಾಲು ಕುಣಿಯುವುದು ನಿಂತಿತು, ಅಂದರೆ ಕೆಲಸದ ಹೊತ್ತಿನಲ್ಲಿ ನಿಂತಿತು. ಮನೆಗೆ ಬಂದ ಕೂಡಲೇ ಮತ್ತೆ ಶುರು.

ಬುಧವಾರ, ಗುರುವಾರ

ತಳ ಆಯಿತು, ಪಕ್ಕದ ಹಲಗೆಗಳು ಎದ್ದವು. ಅಷ್ಟರಲ್ಲಿ ಲಾಲಾನಿಗೆ ದೂರದ ಕೆಲಸ ಬಂತು, ಎರಡು ದಿನ ಮರುಭೂಮಿಯ ಒಂದು ಕ್ಯಾಂಪಿಗೆ ನೀರು ಹೊರುವುದು. "ನೀನು ಸಂದಿ ತುಂಬು, ಉಳಿದದ್ದು ಬಂದು ನೋಡುವ" ಎಂದು ಹೋದರು.

ನಾನೊಬ್ಬನೇ ಆ ದೋಣಿಯ ಮುಂದೆ ನಿಂತೆ. ನಿಂತಷ್ಟೂ ನನಗೆ ತಡೆಯಲಾಗಲಿಲ್ಲ. ಎರಡೂ ಕೊನೆ ಅಗಲಕ್ಕೆ ಅಗಲ, ಮೂತಿಯೇ ಇಲ್ಲ. ಪಕ್ಕಗಳು ಗೋಡೆಯ ಹಾಗೆ ನೆಟ್ಟಗೆ. ತಳ ಚಪ್ಪಟೆ, ಅಡಿಮರವಿಲ್ಲ. ನಮ್ಮಲ್ಲಿ ಎಮ್ಮೆಗೆ ಅಕ್ಕಚ್ಚು ಹಾಕುವ ಮರಿಗೆಗೂ ಇದಕ್ಕೂ ವ್ಯತ್ಯಾಸವಿಲ್ಲ. ಇದನ್ನು ನಾನು ಕಟ್ಟಿದ್ದು ಎಂದು ಯಾರಿಗಾದರೂ ಹೇಳುವುದು ಹೇಗೆ? ಪಾಪ, ಹಗ್ಗದಲ್ಲಿ ಅಳತೆ ಬಂದಿದೆ, ಅಂದ ಬಂದಿಲ್ಲ, ಗಂಟಿನಲ್ಲಿ ಬಳುಕು ಬರೆಯಲು ಆಗುತ್ತದೆಯೇ ಎಂದುಕೊಂಡೆ.

ಎರಡು ದಿನ ಊಟದ ನೆನಪಿಲ್ಲ. ಮುಂದಿನ ಹಲಗೆಗಳಿಗೆ ಬಿಸಿನೀರು ಹೊಯ್ದು ಬಗ್ಗಿಸಿ ಒಳಗೆ ಎಳೆದು ಮೂತಿ ಕೂಡಿಸಿದೆ. ಪಕ್ಕಗಳಿಗೆ ನಡುವಿನಲ್ಲಿ ಹೊಟ್ಟೆ ಕೊಟ್ಟೆ. ತಳದ ಉದ್ದಕ್ಕೆ ಒಂದು ಅಡಿಮರ ಕೂರಿಸಿದೆ. ಕೀಸುಳಿ ಹಾಕಿ ಹಾಕಿ, ಅಂಗೈ ಸವರಿದರೆ ರೇಷ್ಮೆ. ಪೆಟ್ಟಿಗೆಯ ಹಲಗೆಯಲ್ಲಿ ಅಂಥ ದೋಣಿ ಮಾಡಬಲ್ಲವನು ನಮ್ಮ ಕರಾವಳಿಯಲ್ಲಿ ನಾನಲ್ಲದೆ ಯಾರೂ ಇಲ್ಲ ಎಂದು ಮಗಳಿಗೆ ಹೇಳಿದೆ. ಈಗಲೂ ಹೇಳುತ್ತೇನೆ. ಅಷ್ಟು ಚಂದ ಇತ್ತು.

ಶುಕ್ರವಾರ

ಲಾಲಾ ಬೆಳಿಗ್ಗೆ ಬಂದರು. ದೋಣಿಗೆ ಒಂದು ಸುತ್ತು ಬಂದರು. ಹಗ್ಗ ತೆಗೆದು, ಅರ್ಧ ಅಳತೆಗಾಗಿ ಎರಡೆಳೆ ಮಡಿಸಿ ಅಗಲಕ್ಕೆ ಹಿಡಿದರು. ನಡುವಿನಲ್ಲಿ ಗಂಟು ಸಾಲಲಿಲ್ಲ, ಮುಂದೆ ಎರಡು ಗಂಟು ಹೆಚ್ಚಾಗಿ ಜೋತುಬಿದ್ದವು. ಹೋಗಿ ಕೈಕಾಲು ತೊಳೆದುಕೊಂಡು ಬಂದು ಕೂತರು. ದಿನವೂ ಬ್ರೇಕು ಹಾಕಿದ ಕೂಡಲೇ ಫ್ಲಾಸ್ಕು ತೆರೆದು ಏಲಕ್ಕಿ ಚಹಾ ಹೊಯ್ಯುವವರು, ಆ ದಿನ ಫ್ಲಾಸ್ಕು ಮುಟ್ಟಲಿಲ್ಲ. ಆಗ ನನಗೆ ಹೆದರಿಕೆಯಾಯಿತು.

"ಚೆನ್ನಾಗಿದೆ ಮಿಸ್ತರಿ" ಎಂದರು. "ನಿನ್ನ ಊರಿನದು."

"ದೋಣಿ ಅಂದ್ರೆ ಹೀಗೇ ಇರಬೇಕು ಲಾಲಾ. ಯಾವ ನೀರಿಗೆ ಹಾಕಿದರೂ ಬಾಣದ ಹಾಗೆ ಹೋಗ್ತದೆ."

"ನಮ್ಮದು ಎಲ್ಲಿಗೆ ಹೋಗಬೇಕಿತ್ತು? ನಮ್ಮದು ನಿಲ್ಲಬೇಕಿತ್ತು."

ಅಲ್ಲಿಗೆ ಸುಮ್ಮನಿದ್ದರೆ ಆಗುತ್ತಿತ್ತು. ನಾನು ಸುಮ್ಮನಿರುವ ಜಾತಿಯವನಲ್ಲ. ಎರಡು ದಿನದ ಕೆಲಸಕ್ಕೆ ಇದು ಮರ್ಯಾದೆಯೇ ಎಂದು ನೆತ್ತಿಗೆ ಏರಿತು.

"ನಿಮ್ಮದು ದೋಣಿಯೇ ಅಲ್ಲ, ದನದ ಮರಿಗೆ. ನಿಮ್ಮವರಿಗೆ ದೋಣಿ ಕಟ್ಟಲು ಬರ್ತಿರಲಿಲ್ಲ, ಅದಕ್ಕೇ ಕಾಂಕ್ರೀಟು ಬಂದ ಕೂಡಲೇ ಸೌದೆಯಾಯ್ತು."

ಟ್ಯಾಂಕರ್ ತೊಳೆಯುತ್ತಿದ್ದ ಇಬ್ಬರು ಪೈಪು ಹಿಡಿದುಕೊಂಡೇ ನಿಂತುಬಿಟ್ಟರು. ಲಾಲಾ ಹಗ್ಗವನ್ನು ಸುತ್ತಿ ಸುತ್ತಿ ಅಂಗಿಯೊಳಗೆ ಇಟ್ಟುಕೊಂಡರು.

"ಖಲಾಸ್" ಎಂದು ಎದ್ದುಹೋದರು.

ಅವರ ವಿಮಾನ ಮುಂದಿನ ಶುಕ್ರವಾರ.

ರೂವಿ ಬಸ್ ನಿಲ್ದಾಣ

ಆ ಎರಡು ದಿನ ನಾನು ಎಷ್ಟು ನಡೆದೆನೋ ಗೊತ್ತಿಲ್ಲ. ದಾರ್ಸೈಟಿನ ಕೃಷ್ಣನ ಗುಡಿಗೆ ಹೋದೆ. ತೀರ್ಥ ತೆಗೆದುಕೊಳ್ಳುವಾಗಲೂ ಕಾಲು ಕುಣಿಯಿತು. ಭಟ್ಟರು ಗಡಿಬಿಡಿಯಾ ಎಂದು ಕೇಳಿದರು. ಮಗಳು ಕೇಳಿದಳು, "ಎಂತಾಯ್ತ್ ಅಪ್ಪಯ್ಯ? ಯಾರೊಟ್ಟಿಗ್ ಜಗಳ ಮಾಡ್ಕಂಡ್ರಿ?" ನನ್ನದೇನೂ ತಪ್ಪಿಲ್ಲ ಎಂದು ಅವಳಿಗೆ ಅರ್ಧ ಗಂಟೆ ವಿವರಿಸಿದೆ. ಕೇಳಿ ಅವಳು, "ಹಂಗಾರೆ ಮತ್ತೆಂತಕ್ ಉಂಬುದಿಲ್ಲೆ?" ಎಂದಳು.

ಭಾನುವಾರ ರೂವಿಯ ಬಸ್ ನಿಲ್ದಾಣದಲ್ಲಿ ಕಲ್ಲುಕಟ್ಟೆಯ ಮೇಲೆ ಕೂತಿದ್ದೆ. ಬಸ್ಸುಗಳು ಬಂದು ಒಂದರ ಪಕ್ಕ ಒಂದು ನಿಲ್ಲುತ್ತಿದ್ದವು. ಚಪ್ಪಟೆ ಮೂತಿ, ನೆಟ್ಟಗಿನ ಪಕ್ಕ. ಒಂದು ಬಸ್ಸಿಗೂ ಇನ್ನೊಂದಕ್ಕೂ ನಡುವೆ ಒಂದು ಕೈ ತೂರುವಷ್ಟು ಜಾಗ, ಮುಂದಿನಿಂದ ಹಿಂದಿನವರೆಗೂ ಒಂದೇ ಸಮ. ಹತ್ತಾರು ಬಸ್ಸು ನಿಂತಾಗ ಅವುಗಳ ಮಾಡಿನ ಮೇಲೆ ಒಬ್ಬ ಮನುಷ್ಯ ಈ ಕಡೆಯಿಂದ ಆ ಕಡೆಗೆ ನಡೆದುಹೋಗಬಹುದಿತ್ತು.

ನಾನು ಎದ್ದು ನಿಂತೆ. ನನ್ನ ದೋಣಿಗಳನ್ನು ಮನಸ್ಸಿನಲ್ಲೇ ಅಲ್ಲಿ ಸಾಲಾಗಿ ಇಟ್ಟೆ. ಹೊಟ್ಟೆಗೆ ಹೊಟ್ಟೆ ತಾಗುತ್ತದೆ, ಮೂತಿಯ ಹತ್ತಿರ ಆಳು ಬೀಳುವಷ್ಟು ಸಂದಿ. ಒಂಟೆ ಕಾಲಿಟ್ಟರೆ ಅಡಿಮರದ ಮೇಲೆ ದೋಣಿ ವಾಲುತ್ತದೆ, ಅದು ವಾಲಿದರೆ ಪಕ್ಕದ್ದು, ಪಕ್ಕದ್ದು ವಾಲಿದರೆ ಸೇತುವೆ. ಚಳಿಗಾಲದ ಇಳಿನೀರಿನಲ್ಲಿ ಅಡಿಮರ ಮರಳಿಗೆ ಕಚ್ಚಿಕೊಳ್ಳುತ್ತದೆ. ಅವರ ಅಜ್ಜಂದಿರು ಅಂದ ಮರೆತವರಲ್ಲ. ಅಂದವನ್ನು ಬೇಡ ಎಂದು ಬಿಟ್ಟವರು. ಸಮುದ್ರದ ದೋಣಿ ಒಂಟಿ, ಅದಕ್ಕೆ ಮೂತಿ ಬೇಕು. ಸಾಲಿನಲ್ಲಿ ನಿಲ್ಲುವುದಕ್ಕೆ ಪಕ್ಕ ಬೇಕು. ನಲವತ್ತೈದು ವರ್ಷದಲ್ಲಿ ಇದು ನನಗೆ ಹೊಳೆಯಲಿಲ್ಲವಲ್ಲ ಎಂದು ನನಗೇ ನಾಚಿಕೆಯಾಯಿತು. ಲೇಸು ಬಿಚ್ಚಿದ್ದನ್ನು ಒಬ್ಬ ಬಸ್ ಡ್ರೈವರು ಕೂಗಿ ಹೇಳಿದ.

ಹಮ್ರಿಯಾ, ಮೇಲಿನ ಕೋಣೆ

ತಪ್ಪಾಯಿತು ಎಂಬ ಮಾತು ನನ್ನ ಬಾಯಿಂದ ಬರುವುದಿಲ್ಲ. ಹೆಂಡತಿಗೇ ಹೇಳಿದವನಲ್ಲ, ಅವಳು ಹೋಗಿಯೂ ಆರು ವರ್ಷವಾಯಿತು. ಮರುದಿನ ಬೆಳಿಗ್ಗೆ ಗರಗಸ ಹಿಡಿದು ರೊಟ್ಟಿ ಅಂಗಡಿಯ ಮೇಲಿನ ಕೋಣೆಗೆ ಹೋದೆ. ಅಲ್ಲಿ ಲಾಲಾ, ಇಸ್ಮಾಯಿಲ್, ಇನ್ನೂ ನಾಲ್ವರು ಇರುತ್ತಾರೆ. ಬಾಗಿಲು ತೆರೆದಿತ್ತು. ಏನು ಹೇಳಬೇಕೆಂದು ತೋಚದೆ ಒಳಗೆ ಹೋಗಿ ಚಾಪೆಯ ಮೇಲೆ ಕೂತುಬಿಟ್ಟೆ. ಲಾಲಾ ಗೋಡೆಯ ಕಡೆ ಮುಖ ಮಾಡಿ ಪೆಟ್ಟಿಗೆಗೆ ಬಟ್ಟೆ ತುಂಬುತ್ತಿದ್ದರು.

ಇಸ್ಮಾಯಿಲ್ ನನ್ನ ಕೈಯ ಗರಗಸ ನೋಡಿದ, ನನ್ನನ್ನು ನೋಡಿದ, ನಗತೊಡಗಿದ.

"ಲಾಲಾ, ಮುಗೀತು. ಇನ್ನು ನಿನ್ನ ಕೈಲಿ ಏನೂ ಇಲ್ಲ."

"ಏನು ಮುಗೀತು?" ಎಂದೆ.

"ನಮ್ಮಲ್ಲಿ ಒಂದು ಕಟ್ಟು ಇದೆ ಮಿಸ್ತರಿ. ತಪ್ಪು ಮಾಡಿದವನು ತಾನಾಗಿ ಮನೆಯೊಳಗೆ ಬಂದು ಕೂತರೆ, ಮನೆಯವ ಇಲ್ಲ ಅನ್ನೋ ಹಾಗಿಲ್ಲ. ಕೊಲೆ ಮಾಡಿದವ ಬಂದರೂ ಅಷ್ಟೇ. ಆದರೆ ಕುರಿ ತರಬೇಕು."

"ಬೆಳಿಗ್ಗೆ ಆರು ಗಂಟೆಗೆ ಕುರಿ ಎಲ್ಲಿಂದ ತರ್ಲಿ? ನನಗೆ ಗೊತ್ತೂ ಇರಲಿಲ್ಲ."

"ಗೊತ್ತಿಲ್ಲದೆ ಬಂದದ್ದು ಇನ್ನೂ ಗಟ್ಟಿ" ಎಂದ ಇಸ್ಮಾಯಿಲ್.

ಲಾಲಾ ತಿರುಗಲಿಲ್ಲ. ಒಂದು ಅಂಗಿ ಮಡಚಿದರು, ಇನ್ನೊಂದು ಮಡಚಿದರು. ಆಮೇಲೆ ಗೋಡೆಗೇ ಹೇಳಿದ ಹಾಗೆ ಹೇಳಿದರು: "ಕುರಿ ಬೇಡ. ಆ ಮೂತಿ ಕೊಯ್ಯಿ."

ಆಮೇಲೆ ಫ್ಲಾಸ್ಕು ತೆರೆದರು.

ನಾನು ಮಾಡಿದ ಚಂದದ ಕೆಲಸವನ್ನು ನಾನೇ ಕೊಯ್ದದ್ದು ಅದೇ ಮೊದಲು. ಗರಗಸ ಇಟ್ಟಾಗ ಕೈ ಹಿಂದೆ ಬಂತು ಎಂದು ಒಪ್ಪಿಕೊಳ್ಳುತ್ತೇನೆ. ಅಡಿಮರ ಕಿತ್ತೆ, ಹೊಟ್ಟೆ ತೆಗೆದೆ. ಲಾಲಾ ಹಗ್ಗ ಹಿಡಿದು ಪಕ್ಕದಲ್ಲೇ ಕೂತಿದ್ದರು. ಈ ಸಲ ಗಂಟು ಗಂಟಿಗೆ ಸೇರಿತು. ಎರಡು ದಿನ ಹಗಲೆಲ್ಲ ಕೆಲಸ.

ವಾದಿ

ಉಪ್ಪುನೀರಿಗೆ ಇಳಿಸುವುದಿಲ್ಲ ಎಂದು ಲಾಲಾ ಹಟ. ವಾದಿ ಎಂದರೆ ಬೆಟ್ಟದ ನಡುವಿನ ಕಣಿವೆಯ ಹೊಳೆ. ಹೆಚ್ಚಿನವು ವರ್ಷವಿಡೀ ಒಣಗಿಯೇ ಇರುತ್ತವೆ. ಕುರಿಯಾತ್ ದಾಟಿ ಒಳಗೆ ಹೋದರೆ ನೀರು ಹರಿಯುವ ಒಂದು ವಾದಿ ಅವರಿಗೆ ಗೊತ್ತಿತ್ತು. ಬುಧವಾರ ಬೆಳಿಗ್ಗೆ ಪಿಕಪ್ಪಿನ ಮೇಲೆ ದೋಣಿ ಕವುಚಿ ಕಟ್ಟಿ ಹೊರಟೆವು, ಲಾಲಾ, ನಾನು, ಇಸ್ಮಾಯಿಲ್. ದಾರಿಯಲ್ಲಿ ಪೊಲೀಸಿನವನು ನಿಲ್ಲಿಸಿದ.

"ಐಶ್ ಹಾದಾ?" ಇದೇನು ಎಂದು ಕೇಳಿದ.

ದೋಣಿ ಎಂದರು ಲಾಲಾ. ಅವನು ನಮ್ಮ ಹಿಂದೆ, ನಾವು ಬಿಟ್ಟುಬಂದ ಕಡೆ ಕೈ ತೋರಿಸಿದ. ಸಮುದ್ರ ಆ ಕಡೆ ಇದೆಯಲ್ಲ ಎಂದು. ಬೆಟ್ಟಕ್ಕೆ ದೋಣಿ ಒಯ್ಯುವ ಮೂವರು ಮುದುಕರನ್ನು ನೋಡಿ ನಕ್ಕು, "ಯಲ್ಲಾ" ಹೊರಡಿ ಎಂದು ಕಳಿಸಿದ.

ಎರಡು ಬಂಡೆಗೋಡೆಗಳ ನಡುವೆ ಹಸಿರು ನೀರು, ಸಣ್ಣ ಸೆಳೆತ. ಲಾಲಾ ಮೊದಲು ಒಂದು ಬೊಗಸೆ ಕುಡಿದರು. ದೋಣಿಯ ತಲೆಯನ್ನು ನೀರು ಬರುವ ಕಡೆಗೆ ತಿರುಗಿಸಿ ಎರಡು ಹಗ್ಗದಲ್ಲಿ ಬಂಡೆಗಳಿಗೆ ಕಟ್ಟಿದರು. ಮೊಬೈಲಿಗೆ ಸಿಗ್ನಲ್ ಇದ್ದದ್ದು ಒಂದೇ ಬಂಡೆಯ ತುದಿಯಲ್ಲಿ. ಇಸ್ಮಾಯಿಲ್ ಅಲ್ಲಿ ಹತ್ತಿ ಕೈ ಮೇಲೆತ್ತಿ ನಿಂತ. ಬಹಳ ಹೊತ್ತಿನ ಮೇಲೆ ಪರದೆಯಲ್ಲಿ ಒಂದು ದಿಂಬು ಕಾಣಿಸಿತು, ದಿಂಬಿನ ಮೇಲೆ ಒಣಗಿದ ಒಂದು ಮುಖ, ತೆರೆದ ಒಂದು ಕಣ್ಣು.

ಲಾಲಾ ಪಶ್ತೋದಲ್ಲಿ ಏನೇನೋ ಕೂಗಿದರು. ಕಣ್ಣು ಮಾತ್ರ ನೋಡುತ್ತಿತ್ತು. ಆಮೇಲೆ ಒಂದು ಸಣ್ಣ ದನಿ ಬಂತು.

"ಅಂಚಿನ ಮೇಲೆ ಒಬ್ಬ ಆಳು ನಿಲ್ಲಲಿ ಅಂತಿದ್ದಾನೆ" ಎಂದರು ಲಾಲಾ.

ಯಾರು ನಿಲ್ಲಬೇಕು? ಕಟ್ಟಿದವನೇ ನಿಲ್ಲಬೇಕು. ನಾನು ಬಂಡೆಯಿಂದ ದೋಣಿಗೆ ಹಾರಿ ಎಡಗಡೆಯ ಅಂಚಿನ ಮೇಲೆ ನೆಟ್ಟಗೆ ನಿಂತೆ. ದೋಣಿ ಎರಡು ಬೆರಳು ತಗ್ಗಿತು. ಅಲ್ಲಿಗೆ ನಿಂತಿತು. ವಾಲಲಿಲ್ಲ. ನನ್ನ ದೋಣಿಗಳಲ್ಲಿ ಯಾವುದರ ಅಂಚಿನಲ್ಲಿ ಹಾಗೆ ನಿಂತಿದ್ದರೂ ಅಷ್ಟರಲ್ಲಿ ನೀರು ಕುಡಿಯುತ್ತಿದ್ದೆ.

ಮೊಬೈಲಿನಿಂದ ಒಮ್ಮೆಲೇ ಕೂಗಾಟ ಶುರುವಾಯಿತು. ಆ ದನಿ ಮಂಚ ಹಿಡಿದವರದ್ದು ಎಂದು ನಂಬುವ ಹಾಗಿರಲಿಲ್ಲ. ಕೂಗು, ಕೆಮ್ಮು, ಮತ್ತೆ ಕೂಗು. ಎಲ್ಲಿ ತಪ್ಪಿತು? ಆಳವಾ, ತಲೆಯ ಇಳಿಜಾರಾ? ನಾಳೆ ಕಾರ್ಗೋದವರು ಬರುತ್ತಾರೆ, ನಾಡಿದ್ದು ವಿಮಾನ. ಲಾಲಾನ ಕಡೆ ನೋಡಿದೆ. ಅವರು ನೀರಿನಲ್ಲಿ ಸೊಂಟದವರೆಗೆ ನಿಂತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದರು. ಹೆಗಲು ಅಲ್ಲಾಡುತ್ತಿತ್ತು.

"ಏನಂತೆ ಲಾಲಾ?"

ಕೈ ತೆಗೆದರು. ಅಳುತ್ತಿದ್ದರೋ ನಗುತ್ತಿದ್ದರೋ ಹೇಳುವುದು ಕಷ್ಟ.

"ಬೈತಿದ್ದಾನೆ."

"ಯಾರನ್ನ?"

"ನಿನ್ನನ್ನೇ! 'ಜೋಡು ಹಾಕ್ಕೊಂಡು ನಮ್ಮ ದೋಣಿ ಹತ್ತಿದ ಆ ಕತ್ತೆ ಯಾರು' ಅಂತ. ಮಿಸ್ತರಿ, 'ನಮ್ಮ ದೋಣಿ' ಅಂದ!"

ನಾನು ಕೆಳಗೆ ನೋಡಿದೆ. ಮಗಳು ಕೊಟ್ಟ ಬಿಳಿ ಶೂ. ನನ್ನ ಅಂಗಳದಲ್ಲಿ ಯಾವನಾದರೂ ಹೊಸ ದೋಣಿಯ ಮೇಲೆ ಚಪ್ಪಲಿಯ ಕಾಲು ಇಟ್ಟಿದ್ದರೆ ಬಾಚಿ ಬೀಸುತ್ತಿದ್ದೆ. ಗಡಿಬಿಡಿಯಲ್ಲಿ ಅಲ್ಲೇ ಬಗ್ಗಿ ಲೇಸು ಎಳೆದೆ. ದಿನವೂ ತಾನಾಗಿ ಬಿಚ್ಚಿಕೊಳ್ಳುವ ಗಂಟು, ಆ ದಿನ ಒದ್ದೆಯಾಗಿ ಕಲ್ಲಾಗಿತ್ತು. ಆ ಕಡೆಯಿಂದ ಬೈಗುಳ ನಿಲ್ಲಲಿಲ್ಲ. ಇಸ್ಮಾಯಿಲ್ ಬಂಡೆಯ ಮೇಲೆ ನಕ್ಕು ನಕ್ಕು ಮೊಬೈಲು ಬೀಳಿಸುವುದರಲ್ಲಿದ್ದ. ಕೊನೆಗೆ ಲಾಲಾ ಬಂದು ಹಲ್ಲಿನಲ್ಲಿ ಗಂಟು ಬಿಡಿಸಿದರು.

ಬರಿಗಾಲಲ್ಲಿ ಎದ್ದು ನಿಂತೆ. ಹಲಗೆ ತಣ್ಣಗಿತ್ತು, ಅಡಿಯಲ್ಲಿ ನೀರು ಸರಿಯುವುದು ಪಾದಕ್ಕೆ ತಿಳಿಯುತ್ತಿತ್ತು. ಚಾಚಾನ ಬೈಗುಳ ನಿಂತಿತು. ಆಮೇಲೆ ಮೆಲ್ಲಗೆ ಏನೋ ಹೇಳಿದರು. ಎಡಗಡೆಯ ಹಗ್ಗ ಸಡಿಲ ಇದೆಯಂತೆ, ಬಿಗಿ ಮಾಡಬೇಕಂತೆ, ಆ ಕಡೆಗೆ ಎರಡನೆಯವರ ದೋಣಿ ಬರುತ್ತದಂತೆ. ಲಾಲಾ ಹೋಗಿ ಬಿಗಿ ಮಾಡಿದರು. ಸಿಗ್ನಲ್ ಹೋಗುವ ತನಕ ಆ ಕಣ್ಣು ನೋಡುತ್ತಲೇ ಇತ್ತು. ಅಷ್ಟು ಹೊತ್ತೂ ನಾನು ಅಲ್ಲಾಡದೆ ನಿಂತಿದ್ದೆ. ಕಾಲು ಕುಣಿಯಲಿಲ್ಲ.

ವಾಪಸು

ದೋಣಿ ಬಿಚ್ಚಿ ಹಲಗೆಗಳಿಗೆ ನಂಬರು ಬರೆದೆ. ಅಭ್ಯಾಸಬಲದಿಂದ ಕನ್ನಡದ ಅಂಕಿಯಲ್ಲೇ ಬರೆದಿದ್ದೆ. ಕಾರ್ಗೋದವರು ಕಟ್ಟು ಬಿಗಿಯುವಾಗ ಲಾಲಾ ಕೇಳಿದರು, ಇದೇನು ಹುಳ ಬಿಡಿಸಿದ್ದೀಯಾ ಎಂದು. ಅಳಿಸಲು ಹೊತ್ತಿರಲಿಲ್ಲ. ಗುರುವಾರ ಸಂಜೆಯವರೆಗೆ ಕೂತು ಅವರಿಗೆ ಒಂದರಿಂದ ನಲವತ್ತರವರೆಗೆ ಕಲಿಸಿದೆ. ಐದನೇ ಕ್ಲಾಸಿಗೆ ಶಾಲೆ ಬಿಟ್ಟವನು ಮೇಷ್ಟರಾದದ್ದು ಹಾಗೆ. ಆರು ಮತ್ತು ಒಂಬತ್ತು ಅವರಿಗೆ ಕೊನೆಯವರೆಗೂ ಅದಲುಬದಲು.

ಶೂ ವಾದಿಯ ಬಂಡೆಯ ಮೇಲೆಯೇ ಉಳಿಯಿತು. ಮಗಳಿಗೆ ಇದನ್ನು ಓದಿಯೇ ಗೊತ್ತಾಗಬೇಕು.

ಮೊನ್ನೆ ಲಾಲಾನ ದನಿ ಮೊಬೈಲಿನಲ್ಲಿ ಬಂತು. ಹಲಗೆಗಳು ಇನ್ನೂ ಕರಾಚಿಯ ಬಂದರಿನಲ್ಲಿವೆಯಂತೆ. ಚಾಚಾ ಇದ್ದಾರೆ. ದಿನವೂ ಬೆಳಿಗ್ಗೆ ಕಣ್ಣು ತೆರೆದ ಕೂಡಲೇ ದೋಣಿಯನ್ನು ಕೇಳುತ್ತಾರಂತೆ. ಆಮೇಲೆ ನನ್ನನ್ನೂ ಕೇಳುತ್ತಾರಂತೆ, ಆ ಜೋಡಿನವನು ಬಂದನಾ ಎಂದು.

"ನೀವೇನಂತೀರಿ ಲಾಲಾ?"

"ಬರ್ತಿದ್ದಾನೆ ಅಂತೇನೆ. ಬರಿಗಾಲಲ್ಲಿ ಬರ್ತಿದ್ದಾನೆ, ಅದಕ್ಕೇ ತಡ ಅಂತೇನೆ."